ಬೋಧಕೇತರ ಸಿಬ್ಬಂದಿಗೆ ಸಾಧನಾ ಪ್ರಶಸ್ತಿ: ನಿಯಮ ರಚನೆಯಿಂದ ಸೇವಾ ವಹಿಯ ನಮೂದಿನವರೆಗೆ

ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಬೋಧಕೇತರ ಸಿಬ್ಬಂದಿಗೆಂದು ಆರಂಭಿಸಿದ ಪ್ರಶಸ್ತಿ ಮೊದಲ ವರ್ಷ ಸಡಗರದಿಂದ ನಡೆದು, ಎರಡನೆಯ ವರ್ಷ ತಕರಾರಿಗೆ ಸಿಕ್ಕಿ, ಮೂರನೆಯ ವರ್ಷ ಸದ್ದಿಲ್ಲದೆ ನಿಂತುಹೋಗುವುದನ್ನು ಆಡಳಿತ ಶಾಖೆಯಲ್ಲಿದ್ದ ಅವಧಿಯಲ್ಲಿ ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹಣದ ಕೊರತೆಯಿಂದ ಹೀಗಾದದ್ದು ಕಡಿಮೆ. ಕೆಲಸದ ಕ್ರಮ ತಲೆಕೆಳಗಾಗಿದ್ದರಿಂದಲೇ ಹೆಚ್ಚು. ಸಂಸ್ಥಾಪನಾ ದಿನಕ್ಕೆ 15 ದಿನ ಉಳಿದಿರುವಾಗ ಶಾಲು, ಹಾರ, ಸ್ಮರಣಿಕೆಗಳಿಗೆ ದರಪಟ್ಟಿ ಕರೆಯುತ್ತಾರೆ. ಆಮೇಲೆ ಸಮಿತಿ ರಚನೆಯಾಗುತ್ತದೆ. ಹೆಸರುಗಳು ಬಂದು ಕುಳಿತ ಮೇಲೆ ಅವುಗಳಿಗೆ ಹೊಂದುವಂತೆ ಮಾನದಂಡವನ್ನು ಬರೆಯುತ್ತಾರೆ. ಮೊದಲು ವ್ಯಕ್ತಿಯನ್ನು ಹುಡುಕಿ ಆಮೇಲೆ ಅವರ ಕೆಲಸವನ್ನು ಹುಡುಕುವ ಈ ಪದ್ಧತಿಯನ್ನು ತಿರುಗಿಸಿ ನಿಲ್ಲಿಸುವುದು ಹೇಗೆಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಆರಂಭಕ್ಕೆ ಮುನ್ನ ಮೇಜಿನ ಮೇಲೆ ಇರಬೇಕಾದವು

ಪ್ರದಾನದ ದಿನಕ್ಕೆ ಕನಿಷ್ಠ 16 ವಾರ ಇರುವಾಗ ಕೆಲಸ ಆರಂಭವಾಗಬೇಕು. ಅಷ್ಟು ಅವಧಿ ಕೈಯಲ್ಲಿ ಇಲ್ಲದಿದ್ದರೆ ಆ ವರ್ಷ ಪ್ರಶಸ್ತಿಯನ್ನು ಘೋಷಿಸದೆ, ನಿಯಮವನ್ನು ಮಾತ್ರ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು.

ಕಾಯಂ, ದಿನಗೂಲಿ, ಹೊರಗುತ್ತಿಗೆ ಎಂಬ ಮೂರೂ ವರ್ಗಗಳನ್ನು ಒಳಗೊಂಡ ಇತ್ತೀಚಿನ ಸಿಬ್ಬಂದಿ ಪಟ್ಟಿ, ಈ ಕೆಲಸಕ್ಕೆಂದೇ ತೆರೆದ ಪ್ರತ್ಯೇಕ ಕಡತ, ಹಿಂದೆ ಪ್ರಶಸ್ತಿ ಪಡೆದವರ ಪಟ್ಟಿ, ಪ್ರತ್ಯೇಕ ಸ್ವೀಕೃತಿ ವಹಿ ಹಾಗೂ ಆ ವರ್ಷದ ಪರೀಕ್ಷಾ ವೇಳಾಪಟ್ಟಿ ಬೇಕು. ಕೊನೆಯದನ್ನು ಬಹಳ ಮಂದಿ ಮರೆಯುತ್ತಾರೆ. ಸೆಮಿಸ್ಟರ್ ಪರೀಕ್ಷೆ, ಮೌಲ್ಯಮಾಪನ ಮತ್ತು ಪ್ರವೇಶಾತಿಯ ವಾರಗಳಲ್ಲಿ ನಾಮನಿರ್ದೇಶನ ಕರೆದರೆ, ನಿಜವಾಗಿ ಹೆಗಲು ಕೊಟ್ಟು ದುಡಿಯುತ್ತಿರುವ ಶಾಖೆಗಳಿಂದ ಒಂದು ಹಾಳೆಯೂ ಬರುವುದಿಲ್ಲ. ಬಿಡುವಿರುವ ಶಾಖೆಗಳಿಂದ ಮಾತ್ರ ಬರುತ್ತದೆ.

ಹಂತ 1: ನಿಯಮ ಮತ್ತು ಹಣದ ಮೂಲ

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ವ್ಯಾಪ್ತಿಗೆ ಬರುವ ವಿಶ್ವವಿದ್ಯಾಲಯಗಳಲ್ಲಿ ಪ್ರಶಸ್ತಿಯ ನಿಯಮಾವಳಿಯನ್ನು ಸಿಂಡಿಕೇಟ್ (ವಿಶ್ವವಿದ್ಯಾಲಯದ ಕಾರ್ಯನಿರ್ವಾಹಕ ಮಂಡಳಿ) ಸಭೆಯ ಮುಂದಿಟ್ಟು ಒಪ್ಪಿಗೆ ಪಡೆಯಬೇಕು. ಕುಲಪತಿಗಳ ಮೌಖಿಕ ಸೂಚನೆಯ ಮೇಲೆ ಆರಂಭವಾದ ಪ್ರಶಸ್ತಿ ಆ ಕುಲಪತಿಗಳ ಅವಧಿಯೊಂದಿಗೇ ಮುಗಿಯುತ್ತದೆ. ನಿಯಮಾವಳಿ ನಾಲ್ಕು ಪುಟ ಮೀರಬಾರದು. ಯಾರು ಅರ್ಹರು, ಯಾವ ಅವಧಿಯ ಕೆಲಸವನ್ನು ಪರಿಗಣಿಸಲಾಗುತ್ತದೆ, ಯಾರು ಆಯ್ಕೆ ಮಾಡುತ್ತಾರೆ, ಅಂಕ ಹೇಗೆ, ಹಣ ಎಲ್ಲಿಂದ, ತಕರಾರು ಬಂದರೆ ಯಾರು ಕೇಳುತ್ತಾರೆ ಎಂಬ ಆರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿದ್ದರೆ ಸಾಕು.

ಹಣಕ್ಕೆ ಎರಡು ದಾರಿಗಳಿವೆ. ಆಯವ್ಯಯದಲ್ಲಿ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯುವುದು ಒಂದು. ಚಿನ್ನದ ಪದಕಗಳಿಗೆ ಇರುವಂತೆ ದತ್ತಿ ನಿಧಿ ಸ್ಥಾಪಿಸಿ ಬಡ್ಡಿಯಿಂದ ನಡೆಸುವುದು ಇನ್ನೊಂದು. ನನ್ನ ಒಲವು ದತ್ತಿಯ ಕಡೆಗೆ, ಏಕೆಂದರೆ ವೇತನಕ್ಕೇ ತತ್ವಾರವಾದ ವರ್ಷದಲ್ಲಿ ಮೊದಲು ಕತ್ತರಿ ಬೀಳುವುದು ಇಂಥ ಶೀರ್ಷಿಕೆಗಳಿಗೆ. ಆದರೆ ದಾನಿಗಳಿಗೆ ಆಯ್ಕೆಯಲ್ಲಿ ಯಾವ ಪಾತ್ರವೂ ಇರುವುದಿಲ್ಲವೆಂದು ದತ್ತಿ ಪತ್ರದಲ್ಲಿಯೇ ಬರೆಸಿಕೊಳ್ಳಬೇಕು. ಉದ್ಯೋಗ ಕೊಟ್ಟ ಸಂಸ್ಥೆಯೇ ನೀಡುವ ನಗದು ಬಹುಮಾನ ಸಾಮಾನ್ಯವಾಗಿ ವೇತನದ ಭಾಗವೆಂದು ಆದಾಯ ತೆರಿಗೆಗೆ ಒಳಪಡುತ್ತದೆ. ಆದ್ದರಿಂದ ಹಣಕಾಸು ಅಧಿಕಾರಿಯ ಅಭಿಪ್ರಾಯ ಮೊದಲೇ ಕಡತದಲ್ಲಿರಲಿ. ವೇದಿಕೆಯ ಮೇಲೆ ಘೋಷಿಸಿದ ಮೊತ್ತಕ್ಕಿಂತ ಕಡಿಮೆ ಹಣ ಖಾತೆಗೆ ಬಂದಾಗ ಆಗುವ ಮುಜುಗರ ಸಣ್ಣದಲ್ಲ.

ಎಚ್ಚರಿಕೆಯ ಸೂಚನೆ: ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆದು ಮಾನ್ಯತೆ ನೀಡುವ ನ್ಯಾಕ್ ಸಂಸ್ಥೆಯ ತಂಡ ಬರುವ ವರ್ಷದಲ್ಲಿಯೇ ಪ್ರಶಸ್ತಿಯ ಪ್ರಸ್ತಾವ ಹುಟ್ಟಿಕೊಂಡರೆ ಜಾಗರೂಕರಾಗಿರಿ. ನ್ಯಾಕ್‌ನ ಏಳು ಮಾನದಂಡಗಳ ಪದ್ಧತಿಯಲ್ಲಿ ಆರನೆಯದಾದ ಆಡಳಿತ, ನಾಯಕತ್ವ ಮತ್ತು ನಿರ್ವಹಣೆಯ ಭಾಗದಲ್ಲಿ ಬೋಧಕೇತರ ಸಿಬ್ಬಂದಿಯ ಕಲ್ಯಾಣ ಹಾಗೂ ಕಾರ್ಯ ಮೌಲ್ಯಮಾಪನದ ಬಗ್ಗೆ ಕೇಳುತ್ತಾರೆ. ಆ ಒಂದು ದಾಖಲೆಗಾಗಿ ಮಾತ್ರ ಆರಂಭಿಸಿದ ಪ್ರಶಸ್ತಿ ತಂಡ ಹಿಂದಿರುಗಿದ ಮರುವರ್ಷವೇ ನಿಲ್ಲುತ್ತದೆ, ಮತ್ತು ಹಾಗೆ ನಿಂತದ್ದು ಸಿಬ್ಬಂದಿಯ ಮನಸ್ಸಿನಲ್ಲಿ ಬಹುಕಾಲ ಉಳಿಯುತ್ತದೆ.

ಹಂತ 2: ಕೆಲಸದ ಸ್ವರೂಪಕ್ಕೆ ತಕ್ಕ ವಿಭಾಗಗಳು

ಇಡೀ ವಿಶ್ವವಿದ್ಯಾಲಯಕ್ಕೆ ‘ಅತ್ಯುತ್ತಮ ನೌಕರ’ ಎಂಬ ಒಂದೇ ಪ್ರಶಸ್ತಿ ಇಟ್ಟರೆ ಅದು ಪ್ರತಿ ವರ್ಷ ಕಚೇರಿಯವರ ಪಾಲಾಗುತ್ತದೆ. ಪ್ರಥಮ ದರ್ಜೆ ಸಹಾಯಕರ ಕೆಲಸ ಕಾಗದದ ಮೇಲೆ ತಾನಾಗಿಯೇ ಉಳಿಯುತ್ತದೆ. ವಿದ್ಯಾರ್ಥಿನಿಲಯದ ಅಡುಗೆಯವರ, ತೋಟದ ಕೆಲಸಗಾರರ, ಎಲೆಕ್ಟ್ರಿಷಿಯನ್ನರ ಕೆಲಸ ಹಾಗೆ ಉಳಿಯುವುದಿಲ್ಲ. ಕಚೇರಿ ಮತ್ತು ಪರೀಕ್ಷಾಂಗ ಒಂದು. ಪ್ರಯೋಗಾಲಯ, ಗ್ರಂಥಾಲಯ ಮತ್ತು ಗಣಕ ವಿಭಾಗ ಇನ್ನೊಂದು. ಅಭಿಯಂತರ ವಿಭಾಗ, ವಿದ್ಯಾರ್ಥಿನಿಲಯ, ಉದ್ಯಾನ ಮತ್ತು ಭದ್ರತೆ ಮತ್ತೊಂದು. ಇವುಗಳ ಜೊತೆಗೆ ತಂಡ ಪ್ರಶಸ್ತಿ ಎಂದು ನಾಲ್ಕು ವಿಭಾಗ ಮಾಡುವುದು ಬಹುತೇಕ ವಿಶ್ವವಿದ್ಯಾಲಯಗಳಿಗೆ ಹೊಂದುತ್ತದೆ. ರಾಜ್ಯ ಸರ್ಕಾರ ತನ್ನ ನೌಕರರಿಗೆ ನೀಡುವ ಸರ್ವೋತ್ತಮ ಸೇವಾ ಪ್ರಶಸ್ತಿಯ ನಮೂನೆಯನ್ನು ಹಾಗೆಯೇ ನಕಲು ಮಾಡಿಕೊಂಡವರನ್ನು ನೋಡಿದ್ದೇನೆ. ಅದು ಇಲಾಖೆಗಳ ಕೆಲಸಕ್ಕೆ ಹೊಂದುವ ನಮೂನೆ. ಸೂಕ್ಷ್ಮದರ್ಶಕಗಳನ್ನು ಕಾಯುವ ಪ್ರಯೋಗಾಲಯ ಸಹಾಯಕರು ಅದರಲ್ಲಿ ಏನನ್ನು ತುಂಬಬೇಕೆಂದು ತಿಳಿಯದೆ ಖಾಲಿ ಬಿಡುತ್ತಾರೆ.

ತಂಡ ಪ್ರಶಸ್ತಿಯಲ್ಲಿ ಶಾಖೆಯ ಹೆಸರಿಗೆ ಬದಲಾಗಿ ದುಡಿದವರೆಲ್ಲರ ಹೆಸರು ಇರಬೇಕು. ಫಲಿತಾಂಶ ಬೇಗ ಪ್ರಕಟವಾದುದಕ್ಕೆ ಅಧೀಕ್ಷಕರಿಗೆ ಮಾತ್ರ ಹಾರ ಹಾಕಿ, ಉತ್ತರ ಪತ್ರಿಕೆಗಳ ಕಟ್ಟುಗಳನ್ನು ರಾತ್ರಿ 11ರವರೆಗೆ ಎಣಿಸಿ ಜೋಡಿಸಿದ ಅಟೆಂಡರ್‌ಗಳನ್ನು ಕೆಳಗೆ ಕುರ್ಚಿ ಜೋಡಿಸಲು ಕಳಿಸಿದರೆ ಆ ಪ್ರಶಸ್ತಿ ಮಾಡುವುದು ಅವಮಾನವನ್ನೇ.

ಹೊರಗುತ್ತಿಗೆಯವರನ್ನು ಸೇರಿಸಬೇಕೇ ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಸೇರಿಸಲೇಬೇಕು ಎಂಬುದು ನನ್ನ ನಿಲುವು. ಪ್ರಶಸ್ತಿ ಪತ್ರವನ್ನು ಹಿಡಿದು ಸೇವೆ ಕಾಯಂ ಮಾಡಿ ಎಂದು ನ್ಯಾಯಾಲಯಕ್ಕೆ ಹೋಗುತ್ತಾರೆಂದು ಕಾನೂನು ಶಾಖೆ ಆಕ್ಷೇಪಿಸಬಹುದು. ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರಲ್ಲಿ ನೀಡಿದ ತೀರ್ಪು, ನಿಯಮಬದ್ಧ ನೇಮಕಾತಿಯಿಲ್ಲದೆ ತಾತ್ಕಾಲಿಕ ಸೇವೆಯೊಂದರಿಂದಲೇ ಕಾಯಂ ಹಕ್ಕು ಹುಟ್ಟುವುದಿಲ್ಲವೆಂದು ಹೇಳಿದೆ. ಒಂದು ಪ್ರಶಸ್ತಿ ಪತ್ರ ಅದನ್ನು ಬದಲಿಸಲಾರದು. ಪತ್ರದಲ್ಲಿ ಒಂದು ಸಾಲಿನ ಸ್ಪಷ್ಟೀಕರಣ ಸೇರಿಸಿ, ಏಜೆನ್ಸಿಯಿಂದ ಲಿಖಿತ ನಿರಾಕ್ಷೇಪಣೆ ಪಡೆಯಿರಿ. ಬಹುಮಾನದ ಹಣ ಮಾತ್ರ ಏಜೆನ್ಸಿಯ ಮೂಲಕ ಹೋಗದೆ ಕಾರ್ಮಿಕರ ಬ್ಯಾಂಕ್ ಖಾತೆಗೇ ನೇರವಾಗಿ ಜಮೆಯಾಗಬೇಕು.

ಹಂತ 3: ಆಯ್ಕೆ ಸಮಿತಿ

ಐದು ಜನ ಸಾಕು. ಬೇರೊಂದು ವಿಶ್ವವಿದ್ಯಾಲಯದ ನಿವೃತ್ತ ಆಡಳಿತಾಧಿಕಾರಿ ಅಧ್ಯಕ್ಷರಾಗಿ, ಒಬ್ಬರು ವಿಭಾಗ ಮುಖ್ಯಸ್ಥರು, ಒಬ್ಬರು ಉಪಕುಲಸಚಿವರು, ಹಿಂದೆ ಪ್ರಶಸ್ತಿ ಪಡೆದ ಒಬ್ಬ ಸಿಬ್ಬಂದಿ, ಒಬ್ಬ ಸಂಶೋಧನಾ ವಿದ್ಯಾರ್ಥಿ ಇರಲಿ. ಐವರಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಬೇಕು. ಶಿಸ್ತು ಕ್ರಮದ ಕಡತಗಳನ್ನು ನೋಡುವ ಕುಲಸಚಿವರೇ ಅಧ್ಯಕ್ಷರಾದರೆ ಉಳಿದ ಸದಸ್ಯರು ಬಾಯಿ ಬಿಡುವುದಿಲ್ಲ. ಆದ್ದರಿಂದ ಅವರು ಸಮಿತಿಯ ವರದಿಯನ್ನು ಪಡೆಯುವವರಾಗಿರಲಿ.

ಅಭ್ಯರ್ಥಿಗಳಲ್ಲಿ ಯಾರೂ ತಮ್ಮ ಬಂಧುವಲ್ಲ, ಈಗಿನ ಅಧೀನ ಸಿಬ್ಬಂದಿಯಲ್ಲ, ಒಂದೇ ಸಂಘದಲ್ಲಿ ಜೊತೆಗೆ ಪದಾಧಿಕಾರಿಯಲ್ಲ ಎಂದು ಪ್ರತಿ ಸದಸ್ಯರಿಂದ ಸಹಿ ಪಡೆಯಿರಿ. ಇದ್ದಲ್ಲಿ ಆ ಹೆಸರಿಗೆ ಅವರು ಅಂಕ ನೀಡಬಾರದು. ಜಾತಿಯ ಲೆಕ್ಕಾಚಾರದ ಮಾತು ನಮ್ಮ ಕ್ಯಾಂಪಸ್‌ಗಳಲ್ಲಿ ಬಹಳ ಬೇಗ ಹುಟ್ಟುತ್ತದೆಯಾದ್ದರಿಂದ ಈ ಹಾಳೆಯನ್ನು ಔಪಚಾರಿಕತೆಯೆಂದು ತಳ್ಳಿಹಾಕಬೇಡಿ.

ಹಂತ 4: ಸುತ್ತೋಲೆ ಮತ್ತು ನಾಮನಿರ್ದೇಶನ

ಸುತ್ತೋಲೆ ಕನ್ನಡದಲ್ಲಿರಲಿ, ಒಂದು ಪುಟದಲ್ಲಿರಲಿ. ಜಾಲತಾಣದಲ್ಲಿ ಹಾಕಿದರಷ್ಟೇ ಸಾಲದು. ಪ್ರತಿ ಶಾಖೆಯ ಸೂಚನಾ ಫಲಕ, ವಿದ್ಯಾರ್ಥಿನಿಲಯಗಳ ಅಡುಗೆಮನೆ, ಭದ್ರತಾ ಕೊಠಡಿ ಹಾಗೂ ದೂರದ ಸ್ನಾತಕೋತ್ತರ ಕೇಂದ್ರಗಳಿಗೂ ಮುದ್ರಿತ ಪ್ರತಿ ತಲುಪಿದ್ದಕ್ಕೆ ಸ್ವೀಕೃತಿ ಇರಬೇಕು. ನಾಮನಿರ್ದೇಶನಕ್ಕೆ ನಾಲ್ಕು ವಾರ ಕೊಡಿ.

ಪ್ರಶಸ್ತಿ ಬೇಕಾದವರೇ ಅರ್ಜಿ ಹಾಕಲಿ ಎಂಬ ಪದ್ಧತಿ ದೊಡ್ಡ ತಪ್ಪು. ಚೆನ್ನಾಗಿ ಕೆಲಸ ಮಾಡುವವರಲ್ಲಿ ಬಹುಪಾಲು ಮಂದಿ ‘ನನಗೆ ಪ್ರಶಸ್ತಿ ಕೊಡಿ’ ಎಂದು ಬರೆದುಕೊಳ್ಳಲು ಹಿಂಜರಿಯುತ್ತಾರೆ. ಸಹೋದ್ಯೋಗಿ, ಅಧ್ಯಾಪಕ, ಸಂಶೋಧನಾ ವಿದ್ಯಾರ್ಥಿ, ಮೇಲಧಿಕಾರಿ ಯಾರು ಬೇಕಾದರೂ ಹೆಸರಿಸಬಹುದು ಎಂದಿರಲಿ. ಹೆಸರಿಸಲ್ಪಟ್ಟವರ ಒಪ್ಪಿಗೆಯ ಸಹಿ ಮಾತ್ರ ಕಡ್ಡಾಯ. ‘ಸೂಕ್ತ ಮಾರ್ಗದ ಮೂಲಕ’ ಎಂಬ ಷರತ್ತನ್ನು ಇಲ್ಲಿ ಇಡಬಾರದು. ಮುಖ್ಯಸ್ಥರೊಂದಿಗೆ ಒಮ್ಮೆ ಭಿನ್ನಾಭಿಪ್ರಾಯ ತೋರಿದ ನೌಕರರ ಕಾಗದ ಅವರ ಮೇಜಿನಿಂದ ಮುಂದೆ ಹೋಗುವುದಿಲ್ಲ.

ಹಂತ 5: ಒಂದು ಕೆಲಸ, ಅದಕ್ಕೆ ಪುರಾವೆ

ಇಡೀ ಪ್ರಕ್ರಿಯೆ ನಿಲ್ಲುವುದೂ ಬೀಳುವುದೂ ಈ ಹಂತದಲ್ಲಿ. ನಾನು ಸದಸ್ಯನಾಗಿದ್ದ ಒಂದು ಸಮಿತಿಗೆ ಬಂದ ನಾಮನಿರ್ದೇಶನಗಳಲ್ಲಿ ಅರ್ಧಕ್ಕೂ ಹೆಚ್ಚು ಹಾಳೆಗಳಲ್ಲಿ ಇದ್ದದ್ದು ಒಂದೇ ವಾಕ್ಯ: ‘ಸದರಿಯವರು ಕಳೆದ 24 ವರ್ಷಗಳಿಂದ ಪ್ರಾಮಾಣಿಕವಾಗಿ, ನಿಷ್ಠೆಯಿಂದ, ಯಾವುದೇ ಕಪ್ಪುಚುಕ್ಕೆ ಇಲ್ಲದೆ ಸೇವೆ ಸಲ್ಲಿಸಿರುತ್ತಾರೆ.’ ವರ್ಷದ ಅಂಕಿ ಮಾತ್ರ ಬದಲಾಗಿತ್ತು. ಓದುತ್ತ ಹೋದಂತೆ ಎಲ್ಲರೂ ಒಂದೇ ಮನುಷ್ಯರಂತೆ ಕಾಣತೊಡಗಿದರು. ಕೊನೆಗೆ ಸೇವಾ ಹಿರಿತನ ನೋಡಿ ತೀರ್ಮಾನಿಸಿದೆವು. ಅದು ತಪ್ಪು ತೀರ್ಮಾನವೆಂದು ಆ ದಿನವೇ ಗೊತ್ತಿತ್ತು, ಆದರೆ ಕೈಯಲ್ಲಿ ಬೇರೇನೂ ಇರಲಿಲ್ಲ.

ಆದ್ದರಿಂದ ನಮೂನೆಯಲ್ಲಿ ಗುಣಗಾನಕ್ಕೆ ಜಾಗವನ್ನೇ ಇಡಬೇಡಿ. ನಾಲ್ಕು ಪ್ರಶ್ನೆಗಳನ್ನು ಮಾತ್ರ ಕೇಳಿ. ಕಳೆದ 24 ತಿಂಗಳಲ್ಲಿ ಇವರು ಮಾಡಿದ ಒಂದು ಕೆಲಸ ಯಾವುದು? ಅದಕ್ಕೆ ಮೊದಲು ಪರಿಸ್ಥಿತಿ ಹೇಗಿತ್ತು? ಆಮೇಲೆ ಏನು ಬದಲಾಯಿತು? ಇದನ್ನು ಯಾವ ವಹಿ, ಕಡತ ಅಥವಾ ಯಾರ ಹೇಳಿಕೆಯಿಂದ ಪರಿಶೀಲಿಸಬಹುದು? ಪ್ರತಿ ಉತ್ತರಕ್ಕೂ ಆರು ಸಾಲು.

ಉದಾಹರಣೆಗೆ, ಒಂದು ಒಳ್ಳೆಯ ನಾಮನಿರ್ದೇಶನ ಹೀಗಿರಬಹುದು: ‘ವಲಸೆ ಪ್ರಮಾಣಪತ್ರದ ಅರ್ಜಿಗಳು ಜೂನ್‌ನಲ್ಲಿ ವಿಲೇವಾರಿಯಾಗಲು ಸರಾಸರಿ 19 ದಿನ ಹಿಡಿಯುತ್ತಿತ್ತು. ವಿಷಯ ನಿರ್ವಾಹಕರಾದ ಇವರು ಅರ್ಜಿ ಬಂದ ದಿನವೇ ಚಲನ್ ಮತ್ತು ನೋಂದಣಿ ಸಂಖ್ಯೆಯನ್ನು ಕೌಂಟರಿನಲ್ಲಿಯೇ ತಾಳೆ ನೋಡಿ, ಕೊರತೆ ಇದ್ದವರಿಗೆ ಅಲ್ಲಿಯೇ ತಿಳಿಸುವ ಕ್ರಮ ತಂದರು. ನವೆಂಬರ್‌ನಲ್ಲಿ ಸರಾಸರಿ 4 ದಿನ. ಆವಕ-ಜಾವಕ ವಹಿಯ ಪುಟಗಳ ನಕಲು ಲಗತ್ತಿಸಿದೆ.’ ಇಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ, ಆದರೂ ಆ ನೌಕರರು ಕಣ್ಣಮುಂದೆ ಬರುತ್ತಾರೆ. ನಿಗದಿತ ದಿನಗಳೊಳಗೆ ನಾಗರಿಕರಿಗೆ ಸೇವೆ ಒದಗಿಸಬೇಕೆನ್ನುವ 2011ರ ಸಕಾಲ ಕಾಯ್ದೆ ನಮ್ಮ ಕಚೇರಿಗಳಿಗೆ ದಿನಗಳನ್ನು ಎಣಿಸುವುದನ್ನು ಕಲಿಸಿದೆ. ಅದೇ ಎಣಿಕೆಯನ್ನು ಇಲ್ಲಿಯೂ ಬಳಸಿಕೊಳ್ಳಿ.

ಕಾಗದದಲ್ಲಿ ಉಳಿಯದ ಕೆಲಸಗಳಿಗೂ ಪುರಾವೆ ಇದ್ದೇ ಇರುತ್ತದೆ, ಹುಡುಕುವ ಮನಸ್ಸು ಬೇಕು. ಎಲೆಕ್ಟ್ರಿಷಿಯನ್ನರಿಗೆ ದೂರು ವಹಿ ಇದೆ: ದೂರು ಬಂದ ಹೊತ್ತು, ಸರಿಪಡಿಸಿದ ಹೊತ್ತು ಎರಡೂ ಅದರಲ್ಲಿವೆ. ತೋಟದವರಿಗೆ ಮಳೆಗಾಲದಲ್ಲಿ ನೆಟ್ಟ ಸಸಿಗಳಲ್ಲಿ ಮರುಬೇಸಿಗೆ ದಾಟಿದವು ಎಷ್ಟೆಂಬ ಎಣಿಕೆ ಇದೆ. ಅಡುಗೆಯವರಿಗೆ ದಾಸ್ತಾನು ವಹಿ ಮತ್ತು ವಿದ್ಯಾರ್ಥಿಗಳ ಮಾತು ಇವೆ. ಪ್ರಯೋಗಾಲಯದಲ್ಲಿ ಉಪಕರಣದ ಬಳಕೆ ವಹಿ ಇದೆ.

ದಾಖಲೆ ಕೊಠಡಿಯ ಅಟೆಂಡರ್ ಒಬ್ಬರ ವಿಷಯ ಹೇಳಬೇಕು. ಸಮಿತಿ ಅವರ ಕೊಠಡಿಗೆ ಹೋದಾಗ, 1970ರ ದಶಕದ ಯಾವುದಾದರೂ ಒಂದು ಅಂಕ ವಹಿ ತೆಗೆದುಕೊಡಿ ಎಂದೆವು. ಅವರು ಏಣಿ ಹಾಕಿ, ಮೂರನೆಯ ಸಾಲಿನ ಮೇಲಿನ ಕಪಾಟಿನಿಂದ ಕೆಂಪು ಬಟ್ಟೆಯ ಗಂಟನ್ನು ಇಳಿಸಿ, ಧೂಳು ಕೊಡವಿ, ಒಳಗಿನ ಚೀಟಿ ತೋರಿಸಿದರು. ಪ್ರತಿ ಗಂಟಿನೊಳಗೂ ವರ್ಷ, ಪರೀಕ್ಷೆ, ನೋಂದಣಿ ಸಂಖ್ಯೆಯ ಆರಂಭ ಮತ್ತು ಕೊನೆ ಬರೆದ ಚೀಟಿ; ಗೆದ್ದಲು ತಾಗದಿರಲೆಂದು ಬೇವಿನ ಎಲೆ. ಆ ಕೊಠಡಿಗೆ ಸೂಚಿಯನ್ನು ಅವರಿಗೆ ಯಾರೂ ಮಾಡಲು ಹೇಳಿರಲಿಲ್ಲ. ಅವರ ನಾಮನಿರ್ದೇಶನದಲ್ಲಿ ಇದ್ದದ್ದು ‘ಶ್ರಮಜೀವಿ’ ಎಂಬ ಒಂದೇ ಮಾತು. ಅಂತಿಮ ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಕೆಲಸದ ಜಾಗಕ್ಕೆ ಸಮಿತಿಯ ಇಬ್ಬರಾದರೂ ಹೋಗಿ 20 ನಿಮಿಷ ನಿಲ್ಲಬೇಕು ಎಂಬ ನಿಯಮವನ್ನು ನಾನು ಅಂದಿನಿಂದ ಬಿಟ್ಟುಕೊಟ್ಟಿಲ್ಲ.

ಎಚ್ಚರಿಕೆಯ ಸೂಚನೆಗಳು ಹೀಗಿವೆ: ಒಂದೇ ಕೈಬರಹದ ಅಥವಾ ಒಂದೇ ಟೈಪಿಂಗ್ ಅಂಗಡಿಯ ಹಲವು ಹಾಳೆಗಳು, ಕೊನೆಯ ದಿನ ಕಟ್ಟಾಗಿ ಬಂದ ನಾಮನಿರ್ದೇಶನಗಳು, ಅಧಿಕಾರಿಯ ಆಪ್ತ ಶಾಖೆಯಿಂದ ಮಾತ್ರ ಬಂದ ಹೆಸರುಗಳು, ಮುಂದಿನ ತಿಂಗಳು ನಿವೃತ್ತಿಯಾಗುವವರ ಹೆಸರೇ ಪಟ್ಟಿಯಲ್ಲಿ ಹೆಚ್ಚಾಗಿರುವುದು. ಕೊನೆಯದು ಕರುಣೆಯಿಂದ ಆಗುವ ತಪ್ಪು. ಬೀಳ್ಕೊಡುಗೆಗೆ ಬೇರೆ ಸಮಾರಂಭವಿದೆ. ಪ್ರಶಸ್ತಿಯನ್ನು ಅದಕ್ಕೆ ಬಳಸಿದರೆ ಮೂವತ್ತರ ಹರೆಯದ ನೌಕರರು ಇದು ತಮಗಲ್ಲವೆಂದು ತಿಳಿಯುತ್ತಾರೆ.

ಹಂತ 6: ಸೇವಾ ದಾಖಲೆಯ ಪರಿಶೀಲನೆ

ಅಂತಿಮ ಪಟ್ಟಿಯ ಹೆಸರುಗಳನ್ನು ಮಾತ್ರ ಮುಚ್ಚಿದ ಲಕೋಟೆಯಲ್ಲಿ ಸಿಬ್ಬಂದಿ ಶಾಖೆಗೆ ಕಳಿಸಿ, ಇಲಾಖಾ ವಿಚಾರಣೆ ಬಾಕಿ ಇದೆಯೇ, ನಿಯಮದಲ್ಲಿ ಹೇಳಿದ ಅವಧಿಯೊಳಗೆ ದಂಡನೆಯಾಗಿದೆಯೇ ಎಂದು ಕೇಳಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆ ಕಾಯ್ದೆ, 2013ರ ಅಡಿಯ ಆಂತರಿಕ ಸಮಿತಿಯಿಂದ ಆರೋಪ ಸಾಬೀತಾಗಿದೆಯೇ ಎಂಬುದಕ್ಕೆ ಹೌದು ಅಥವಾ ಇಲ್ಲ ಎಂಬ ಉತ್ತರ ಮಾತ್ರ ಪಡೆಯಿರಿ. ವಿವರಗಳು ಗೋಪ್ಯವಾಗಿರಬೇಕಾದ್ದರಿಂದ ಅವು ಪ್ರಶಸ್ತಿಯ ಕಡತಕ್ಕೆ ಬರಬಾರದು.

ಪಟ್ಟಿಯ ಸುಳಿವು ಸಿಕ್ಕ ಕೂಡಲೇ ಮೂಗರ್ಜಿಗಳು ಬರುತ್ತವೆ. ಸಹಿಯಿಲ್ಲದ, ಪುರಾವೆಯಿಲ್ಲದ ಅರ್ಜಿಯಿಂದ ಯಾರ ಹೆಸರನ್ನೂ ಕೈಬಿಡುವುದಿಲ್ಲವೆಂದು ನಿಯಮಾವಳಿಯಲ್ಲಿ ಮೊದಲೇ ಬರೆದಿರಬೇಕು.

ಹಂತ 7: ಅಂಕ ನೀಡುವುದು

ನಾನು ಶಿಫಾರಸು ಮಾಡುವ ಹಂಚಿಕೆ ಹೀಗಿದೆ: ಕೆಲಸದಿಂದ ಆದ ಬದಲಾವಣೆಗೆ 40, ಪುರಾವೆಯ ಗಟ್ಟಿತನಕ್ಕೆ 20, ಸ್ವಂತವಾಗಿ ಮುಂದಾದುದಕ್ಕೆ 20, ವಿದ್ಯಾರ್ಥಿ ಹಾಗೂ ಸಹೋದ್ಯೋಗಿಗಳೊಂದಿಗಿನ ನಡವಳಿಕೆಗೆ 10, ಬೇರೆ ಶಾಖೆಯವರೂ ಅನುಸರಿಸಬಹುದಾದ ಕ್ರಮವಾಗಿದ್ದರೆ 10. ಸೇವಾ ಹಿರಿತನಕ್ಕೆ ಸೊನ್ನೆ. ಹಾಜರಾತಿಗೂ ಅಂಕವಿಲ್ಲ; ಹೆರಿಗೆ ರಜೆ ಅಥವಾ ಕಾಯಿಲೆಯ ರಜೆ ಪಡೆದವರು ಅದರಿಂದ ಹಿಂದೆ ಬೀಳಬಾರದು.

ಸಭೆ ಸೇರುವ ಮೊದಲೇ ಪ್ರತಿ ಸದಸ್ಯರೂ ಪ್ರತ್ಯೇಕವಾಗಿ ಅಂಕ ಬರೆದು ಲಕೋಟೆಯಲ್ಲಿ ಕೊಡಬೇಕು. ಸಭೆಯಲ್ಲಿ ಮೊದಲು ಮಾತನಾಡಿದ ಹಿರಿಯರ ಅಭಿಪ್ರಾಯಕ್ಕೆ ಉಳಿದವರು ತಲೆಯಾಡಿಸುವುದು ಇದರಿಂದ ತಪ್ಪುತ್ತದೆ. ಇಬ್ಬರು ಸದಸ್ಯರ ನಡುವೆ 20 ಅಂಕಕ್ಕಿಂತ ಹೆಚ್ಚು ಅಂತರವಿರುವ ಹೆಸರುಗಳನ್ನಷ್ಟೇ ಚರ್ಚಿಸಿ. ಚರ್ಚೆಯ ಬಳಿಕ ಅಂಕ ಬದಲಿಸಿದವರು ಕಾರಣವನ್ನು ಒಂದು ಸಾಲಿನಲ್ಲಿ ಬರೆದು, ಹಳೆಯ ಹಾಳೆಯನ್ನೂ ಕಡತದಲ್ಲಿಡಬೇಕು. ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ ಅಂಕಪಟ್ಟಿ ಕೇಳಿ ಅರ್ಜಿ ಬಂದೇ ಬರುತ್ತದೆ. ಪೆನ್ಸಿಲಿನಲ್ಲಿ ಬರೆದು ಅಳಿಸಿದ ಹಾಳೆಗಳನ್ನು ಅಂದು ತೋರಿಸಬೇಕಾದ ಸ್ಥಿತಿ ಬರಬಾರದು.

ಯಾವುದಾದರೂ ವಿಭಾಗದಲ್ಲಿ ಯಾರೂ 60 ಅಂಕ ದಾಟದಿದ್ದರೆ ಆ ವರ್ಷ ಆ ಪ್ರಶಸ್ತಿಯನ್ನು ತಡೆಹಿಡಿಯಿರಿ. ಇದಕ್ಕೆ ಧೈರ್ಯ ಬೇಕು, ಆದರೆ ಮರುವರ್ಷ ಬರುವ ನಾಮನಿರ್ದೇಶನಗಳ ಗುಣಮಟ್ಟ ಕಣ್ಣಿಗೆ ಕಾಣುವಂತೆ ಸುಧಾರಿಸುತ್ತದೆ.

ಹಂತ 8: ಅನುಮೋದನೆ ಮತ್ತು ಪ್ರಕಟಣೆ

ಸಮಿತಿಯ ನಡಾವಳಿಗೆ ಎಲ್ಲ ಸದಸ್ಯರ ಸಹಿ ಪಡೆದು ಕುಲಸಚಿವರ ಮೂಲಕ ಕುಲಪತಿಗಳ ಅನುಮೋದನೆಗೆ ಸಲ್ಲಿಸಿ. ಕುಲಪತಿಗಳು ಪಟ್ಟಿಯನ್ನು ಹಿಂದಿರುಗಿಸಬಹುದು, ಹೊಸ ಹೆಸರನ್ನು ಸೇರಿಸಲಾಗದು ಎಂಬ ನಿಯಮವಿದ್ದರೆ ಕೊನೆಯ ರಾತ್ರಿ ಬರುವ ದೂರವಾಣಿ ಕರೆಗಳಿಂದ ಅವರಿಗೂ ರಕ್ಷಣೆ ಸಿಗುತ್ತದೆ. ಆಯ್ಕೆಯಾಗದವರಿಗೆ, ಸಮಿತಿ ಅವರ ಯಾವ ಕೆಲಸವನ್ನು ಗುರುತಿಸಿತು ಮತ್ತು ಯಾವ ಪುರಾವೆ ಸಾಲದೆ ಬಂತು ಎಂದು ತಿಳಿಸುವ ಎರಡು ಸಾಲಿನ ಪತ್ರ ಫಲಿತಾಂಶ ಪ್ರಕಟವಾಗುವ ಮುನ್ನವೇ ತಲುಪಲಿ.

ಹಂತ 9: ಪ್ರದಾನ

ಈಗ ಮಾತ್ರ ಶಾಲು, ಸ್ಮರಣಿಕೆಗಳ ಖರೀದಿ, ಅದೂ ಸಾರ್ವಜನಿಕ ಖರೀದಿಗೆ ಅನ್ವಯಿಸುವ ಪಾರದರ್ಶಕತೆ ಕಾಯ್ದೆಯ ಮಿತಿಗಳಿಗೆ ಒಳಪಟ್ಟು. ಫಲಕದ ಮೇಲೆ ಕೆತ್ತುವ ಮುನ್ನ ಹೆಸರು, ಇನಿಷಿಯಲ್, ಹುದ್ದೆಯನ್ನು ಸೇವಾ ವಹಿಯೊಂದಿಗೆ ತಾಳೆ ನೋಡಿ, ಪಡೆಯುವವರಿಗೇ ಕರಡನ್ನು ತೋರಿಸಿ ಸಹಿ ಪಡೆಯಿರಿ. ಒಂದು ಸಮಾರಂಭದಲ್ಲಿ ಬೇರೊಬ್ಬರ ಇನಿಷಿಯಲ್ ಇದ್ದ ಫಲಕವನ್ನು ಪಡೆದ ಮಹಿಳೆಯೊಬ್ಬರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಳಗಿಳಿದದ್ದನ್ನು ಕಂಡಿದ್ದೇನೆ.

ವೇದಿಕೆಯಲ್ಲಿ ಓದುವ ಅಭಿನಂದನಾ ಪತ್ರದಲ್ಲಿ ಆ ಒಂದು ಕೆಲಸದ ವಿವರವೇ ಇರಲಿ. ಐದು ಜನರ ಹೆಸರನ್ನು ಒಟ್ಟಿಗೆ ಕರೆದು ಒಂದೇ ಛಾಯಾಚಿತ್ರ ತೆಗೆಯಬೇಡಿ. ಒಬ್ಬೊಬ್ಬರಿಗೆ ಎರಡು ನಿಮಿಷ ಕೊಡಿ, ಅತಿಥಿಗಳ ಭಾಷಣಕ್ಕಿಂತ ಮೊದಲೇ ಕೊಡಿ. ಕುಟುಂಬದವರಿಗೆ ಮುಂದಿನ ಸಾಲಿನಲ್ಲಿ ಆಸನವಿರಲಿ. ಅಂದು ಪಾಳಿಯಲ್ಲಿರುವ ಭದ್ರತಾ ಸಿಬ್ಬಂದಿಗೆ, ಅಡುಗೆಯವರಿಗೆ ಬದಲಿ ವ್ಯವಸ್ಥೆಯಾಗಿದೆಯೇ ಎಂದು ಹಿಂದಿನ ದಿನ ಖಚಿತಪಡಿಸಿಕೊಳ್ಳಿ.

ಹಂತ 10: ಸಮಾರಂಭದ ನಂತರ

ಆದೇಶ ಸಂಖ್ಯೆ ಮತ್ತು ದಿನಾಂಕದೊಂದಿಗೆ ಸೇವಾ ವಹಿಯಲ್ಲಿ ನಮೂದಾಗಬೇಕು. ಈ ಕೆಲಸ ಅತಿ ಹೆಚ್ಚು ಬಾರಿ ಬಿಟ್ಟುಹೋಗುತ್ತದೆ. ಎಂಟು ವರ್ಷಗಳ ಬಳಿಕ ಬಡ್ತಿಯ ಸಮಯದಲ್ಲಿ ಪ್ರಶಸ್ತಿಯ ಪುರಾವೆಯಾಗಿ ಮನೆಯ ಗೋಡೆಯ ಫೋಟೋ ಮಾತ್ರ ಉಳಿದಿರುತ್ತದೆ. ನಮೂದಾದ ಪುಟದ ನಕಲನ್ನು 30 ದಿನಗಳೊಳಗೆ ನೌಕರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬಹುಮಾನದ ಹಣ ಅದೇ ತಿಂಗಳು ಖಾತೆಗೆ ಜಮೆಯಾಗಲಿ.

ಮೂರು ವರ್ಷಗಳಿಗೊಮ್ಮೆ ಪ್ರಶಸ್ತಿಗಳು ಎಲ್ಲಿಗೆ ಹೋಗಿವೆ ಎಂದು ಪಟ್ಟಿ ಮಾಡಿ: ಯಾವ ಶಾಖೆ, ಯಾವ ದರ್ಜೆ, ಮಹಿಳೆಯರು ಎಷ್ಟು, ಮುಖ್ಯ ಆವರಣದಿಂದ ಎಷ್ಟು, ಸ್ನಾತಕೋತ್ತರ ಕೇಂದ್ರಗಳಿಂದ ಎಷ್ಟು. ಇದು ನೇಮಕಾತಿಯಲ್ಲವಾದ್ದರಿಂದ ಮೀಸಲಾತಿಯ ರೋಸ್ಟರ್ ಹಚ್ಚುವ ಅಗತ್ಯವಿಲ್ಲ, ಆದರೆ ಡಿ ದರ್ಜೆಯ ಒಬ್ಬರೂ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ದೋಷವಿರುವುದು ನಮೂನೆಯಲ್ಲಿ ಅಥವಾ ಸುತ್ತೋಲೆ ತಲುಪಿದ ರೀತಿಯಲ್ಲಿ. ಆ ಪಟ್ಟಿ, ಮೂಲ ಅಂಕದ ಹಾಳೆಗಳು, ಭೇಟಿಯ ಟಿಪ್ಪಣಿಗಳು ಹಾಗೂ ಮುಂದಿನ ವರ್ಷದ ಸುತ್ತೋಲೆ ಹೊರಡಬೇಕಾದ ದಿನಾಂಕ, ಇಷ್ಟನ್ನೂ ಸೇರಿಸಿದ ಮೇಲೆಯೇ ಕಡತವನ್ನು ಮುಕ್ತಾಯಗೊಳಿಸಿ.